ಬದಲಿಗೆ ನಡೆದವನು

"ಗುರುಗಳೇ, ನೀವು ಹೇಳಿದಂತೆ ಬೆಳಿಗ್ಗೆ ಜಗಲಿಯ ಚಾಪೆಯ ಮೇಲೆ ಕೂರುವ ನಿಯಮ ಬಹಳ ಸಣ್ಣದು. ಅದು ಒಂದು ದಿನ ತಪ್ಪಿದರೆ ಹೋಗುವುದಾದರೂ ಏನು?" ಎಂದು ಶಿಷ್ಯ ಕೇಳಿದ. ಆ ದಿನ ಅವನು ಬಿಸಿಲು ಮುಖಕ್ಕೆ ಬೀಳುವವರೆಗೂ ಒಳಕೋಣೆಯಲ್ಲಿ ಮಲಗಿಬಿಟ್ಟಿದ್ದ.

 ಗುರುಗಳು ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅಂಗಡಿಯ ಗಾದಿಯ ಮೇಲೆ ಕೂತು ಕೂತು ಅವನ ಕಾಲುಗಳು ಊದಿಕೊಂಡಿದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೀಗೇ ಬಿಟ್ಟರೆ ವರ್ಷ ದಾಟುವುದಿಲ್ಲ ಎಂದು ವೈದ್ಯ ಕಡ್ಡಿ ಮುರಿದಂತೆ ಹೇಳಿದ.

"ಬೆಳಿಗ್ಗೆ ಎದ್ದು ಒಂದು ಚೊಂಬು ನೀರು ಕುಡಿಯಿರಿ. ಹಿತ್ತಲ ಬಾವಿಯ ಸುತ್ತ ಇಪ್ಪತ್ತೊಂದು ಸುತ್ತು ನಡೆಯಿರಿ. ಆಮೇಲೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಸುಮ್ಮನೆ ಕೂತುಕೊಳ್ಳಿ."

"ಇಷ್ಟೇನಾ? ಭಸ್ಮ, ಲೇಹ್ಯ ಏನೂ ಬೇಡವೇ?"

"ಇಷ್ಟೇ, ಸಾಹುಕಾರರೇ. ಆದರೆ ದಿನಾ."

ವ್ಯಾಪಾರಿ ಮೂರು ದಿನ ಹಾಗೇ ಮಾಡಿದ. ನಾಲ್ಕನೆಯ ದಿನ ಹಾಸಿಗೆ ಬೆಚ್ಚಗಿತ್ತು. ಮಲಗಿದ್ದಲ್ಲೇ ಒಂದು ಯೋಚನೆ ಹೊಳೆಯಿತು. ತಾನು ಅಂಗಡಿಯಲ್ಲಿದ್ದರೂ ಗುಡಿಯಲ್ಲಿ ಅರ್ಚಕರು ತನ್ನ ಹೆಸರು, ಗೋತ್ರ, ನಕ್ಷತ್ರ ಹೇಳಿ ಜಪ ಮಾಡುತ್ತಾರೆ. ಫಲ ತನಗೇ ಬರುತ್ತದೆ. ಜಪಕ್ಕೆ ಒಪ್ಪುವ ಏರ್ಪಾಡು ನಡಿಗೆಗೆ ಯಾಕೆ ಒಪ್ಪಬಾರದು?

ಮೂಟೆ ಹೊರುವ ಒಬ್ಬ ಹಮಾಲನನ್ನು ಮನೆಗೆ ಕರೆಸಿದ. ಅವನ ಅಂಗೈಗೆ ನೀರು ಹಾಕಿ ತನ್ನ ಹೆಸರು, ಗೋತ್ರ, ನಕ್ಷತ್ರ ಹೇಳಿಸಿದ.

"ನಡೆಯೋನು ನಾನು, ಸಪೂರ ಆಗೋರು ನೀವಾ, ಧಣಿ?" ಎಂದು ಹಮಾಲ ನಕ್ಕ.

"ಗುಡಿಯಲ್ಲಿ ಹಾಗೇ ಆಗೋದು. ನೀನು ನಡಿ."

ಹಮಾಲ ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ತೆಗೆದು ಬಾಗಿಲ ಬಳಿ ಇಟ್ಟ. ನೀರು ಕುಡಿದ, ನಡೆದ, ಕೂತ. ದಿನಾ ಬಂದ. ಒಂದು ದಿನವೂ ತಪ್ಪಿಸಲಿಲ್ಲ.

ತಿಂಗಳೊಳಗೆ ವ್ಯಾಪಾರಿಯ ಕಾಲಿನ ಊತ ಇಳಿಯಿತು. ಗೆದ್ದೆ ಎಂದುಕೊಂಡ. ಆಮೇಲೆ ಹೊಟ್ಟೆ ಇಳಿಯಿತು. ಉಂಗುರ ಸಡಿಲವಾಗಿ ಬೆರಳಿನಿಂದ ಜಾರಿತು. ಮನೆಯ ನಾಯಿ ಅವನ ಕಾಲ ಬಳಿ ಬರುವುದನ್ನು ಬಿಟ್ಟು ಬಾವಿಕಟ್ಟೆಯ ಪಕ್ಕ ಮಲಗತೊಡಗಿತು.

ಒಂದು ಮಧ್ಯಾಹ್ನ ಅವನು ಹಿತ್ತಲಿಗೆ ಹೋದ. ಬಾವಿಯ ಸುತ್ತ ಹಸಿಮಣ್ಣಿನಲ್ಲಿ ಹಮಾಲನ ಹೆಜ್ಜೆಗಳು ಮೂಡಿದ್ದವು. ಎಡಗಾಲಿನ ಕಿರುಬೆರಳು ಹೊರಕ್ಕೆ ಸೊಟ್ಟ.  ಹುಟ್ಟಿನಿಂದ ಆ ಸೊಟ್ಟಬೆರಳು ವ್ಯಾಪಾರಿಯದು. ಬಗ್ಗಿ ತನ್ನ ಪಾದ ನೋಡಿಕೊಂಡ. ಕಿರುಬೆರಳು ನೆಟ್ಟಗಿತ್ತು.

ನಾಳೆಯಿಂದ ನಾನೇ ನಡೆಯುತ್ತೇನೆ ಎಂದು ಅವನು ನಿಶ್ಚಯಿಸಿದ. ಮರುದಿನ ಬೆಳಕು ಹರಿಯುವಾಗಲೇ ಎದ್ದ. ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಏನೂಂದ್ರೆ, ನೀರು ಕುಡಿದ್ರಾ?"

ಅವನು ಬಾಯಿ ತೆರೆಯುವ ಮೊದಲೇ ಹಿತ್ತಲಿನಿಂದ ಉತ್ತರ ಬಂತು. "ಹೂಂ, ಆಯ್ತು ಕಣೇ."

ದನಿ ತನ್ನದೇ.

ಹೆಂಡತಿ ಹೊರಗೆ ಬಂದು ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗೂ ಇರಲಿಲ್ಲ. "ಇಷ್ಟು ಬೇಗ ಬಂದ್ಯಾ? ಮೂಟೆ ಇನ್ನೂ ಕಟ್ಟಿಲ್ಲಪ್ಪ. ಯಜಮಾನರು ಕಣ್ಣು ಮುಚ್ಚಿ ಕೂತಿದ್ದಾರೆ, ಸದ್ದು ಮಾಡಬೇಡ."

ಅವನು ತನ್ನ ಹೆಸರು ಹೇಳಲು ಹೋದ. ಹೆಸರು, ಗೋತ್ರ, ನಕ್ಷತ್ರ ಮೂರನ್ನೂ ಆಗಲೇ ಬಾವಿಕಟ್ಟೆಯ ಮೇಲೆ ಕೂತವನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಇವನ ಬಾಯಿಗೆ ಏನೂ ಬರಲಿಲ್ಲ.

ಬಾಗಿಲ ಬಳಿ ಸಿಂಬಿ ಇತ್ತು. ಎತ್ತಿ ತಲೆಯ ಮೇಲಿಟ್ಟುಕೊಂಡ. ಅದು ಸರಿಯಾಗಿ ಕೂತಿತು.

ಕತೆ ಮುಗಿಯಿತು. ಶಿಷ್ಯ ನಗಲು ನೋಡಿದ. "ಅವನು ಬದಲಿಗೆ ಒಬ್ಬನನ್ನು ಇಟ್ಟ, ಗುರುಗಳೇ. ನಾನು ಯಾರನ್ನೂ ಇಟ್ಟಿಲ್ಲವಲ್ಲ. ಇವತ್ತು ಜಗಲಿಯ ಮೇಲೆ ನನ್ನ ಚಾಪೆ ಖಾಲಿಯೇ ಇತ್ತು."

ಗುರುಗಳು ಹೇಳಿದರು: "ಖಾಲಿ ಇರಲಿಲ್ಲ ಮಗು, ಬೆಳಿಗ್ಗೆ ನಾನು ಹಾದುಹೋಗುವಾಗ ನೀನು ಕೂತಿದ್ದೆ."