ಸಾಲು ತಪ್ಪಿಸುವ ಟಿಕೆಟ್ಟು

ಹೆಚ್ಚು ದುಡ್ಡು ಕೊಟ್ಟವರನ್ನು ಬೇಗ ಒಳಗೆ ಬಿಡುತ್ತಾರೆ ಎಂದು ಇಟಲಿ ಪ್ರವಾಸಕ್ಕೆ ಬಂದಿದ್ದ ಆ ಬಸ್ಸಿನ ಕನ್ನಡಿಗರೆಲ್ಲ ನಂಬಿದ್ದರು. ಹಾಗಾಗಿ ಸಾಲು ತಪ್ಪಿಸುವ ವಿಶೇಷ ಟಿಕೆಟ್ ಕೊಂಡಿದ್ದರು. ಮಿಲಾನಿನ ದೊಡ್ಡ ಚರ್ಚಿನ ಮುಂದೆ ಆ ಟಿಕೆಟ್ಟಿನವರದ್ದೇ ಒಂದು ಉದ್ದನೆಯ ಸಾಲಿತ್ತು.

ನಿವೃತ್ತ ಎಂಜಿನಿಯರ್ ಶಂಭುಲಿಂಗಯ್ಯ ಟಿಕೆಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತ, ಪ್ರವಾಸದ ಅಡುಗೆಯವರಿಗೆ ಅಪ್ಪಣೆ ಮಾಡಿದರು. "ಭಟ್ರೇ, ನಿಮಗೆ ಟಿಕೆಟ್ ಇಲ್ಲ. ಹೊರಗಿಂದಲೇ ನೋಡಿ, ಹೋಗಿ ಸಾರು ಬಿಸಿ ಮಾಡಿ."

ಇಷ್ಟು ದೂರ ಬಂದು ಒಳಗೇನಿದೆ ಎಂದು ನೋಡದೆ ಹೋಗಲು ಭಟ್ಟರಿಗೆ ಮನಸ್ಸಾಗಲಿಲ್ಲ. "ಪ್ರದಕ್ಷಿಣೆಗೇನೂ ಟಿಕೆಟ್ ಇಲ್ವಲ್ಲ ಸಾರ್" ಎಂದು ಚರ್ಚನ್ನು ಸುತ್ತತೊಡಗಿದರು. ಪಕ್ಕದಲ್ಲೊಂದು ಚಿಕ್ಕ ಬಾಗಿಲು. ತರಕಾರಿ ಚೀಲ ಹಿಡಿದ ಆ ಊರಿನ ಮುದುಕಿಯರು ಒಳಗೆ ಹೋಗುತ್ತಿದ್ದರು. ಯಾರ ಕೈಯಲ್ಲೂ ಕ್ಯಾಮೆರಾ ಇರಲಿಲ್ಲ. ಭಟ್ಟರಿಗೆ ವಿಷಯ ತಿಳಿಯಿತು. ಭಾಷೆ ಬಾರದ ಅವರು ಶೂ ಬಿಚ್ಚಿಟ್ಟು, ಕೈಮುಗಿದು ನಿಂತರು. ಕಾವಲಿನವನು ಅವರ ತೂತುಬಿದ್ದ ಕಾಲುಚೀಲ ನೋಡಿ ನಕ್ಕ. ಶೂ ಹಾಕಿಕೊಳ್ಳಿ ಎಂದು ಸನ್ನೆ ಮಾಡಿ ಒಳಗೆ ಬಿಟ್ಟ.

ಭಟ್ಟರು ಹೊರಬಂದಾಗ ಶಂಭುಲಿಂಗಯ್ಯ ಇನ್ನೂ ಬಿಸಿಲಲ್ಲೇ ಇದ್ದರು.

"ಒಳಗೆ ತಂಪಾಗಿದೆ ಸಾರ್. ಬಣ್ಣದ ಗಾಜು ಚೆನ್ನಾಗಿದೆ."

"ನಿಮ್ಮನ್ನ ಯಾರ್ರೀ ಬಿಟ್ಟಿದ್ದು? ನಮ್ಮದಕ್ಕಿಂತ ಮೇಲಿನ ಟಿಕೆಟ್ಟೂ ಇದೆಯಾ?"

"ಗೊತ್ತಿಲ್ಲ ಸಾರ್. ಕೈಮುಗಿದೆ, ಬಿಟ್ರು."

ಪ್ರಾರ್ಥನೆಗೆ ಬಂದವರಿಗೆ ಅಲ್ಲಿ ಟಿಕೆಟ್ಟೇ ಇರಲಿಲ್ಲ.