ಏಳು ಕೊಂಡಿಗಳ ಕವಚ

ಹೊಳೆದಂಡೆಯ ಆಶ್ರಮದಲ್ಲಿ ನಾಗಾಚಾರಿ ಎಂಬ ಗುರುಗಳಿದ್ದರು. ಆಯುಧ, ಕವಚ ಮಾಡುವ ವಿದ್ಯೆ ಅವರದು.

ಅವರ ಶಿಷ್ಯ ಸಿಂಗೋಜ ಮೂರನೆಯ ಸಲ ಒಂದು ಕವಚ ಹೊತ್ತು ತಂದ. ಅದನ್ನು ತೊಟ್ಟು ತೋರಿಸಲು ಕೇತ ಎಂಬ ಕಾಲಾಳೂ ಜೊತೆಗೆ ಬಂದ.

"ಗುರುಗಳೇ, ಈ ಸಲ ನೀವು ತಪ್ಪು ಹುಡುಕಲಾರಿರಿ. ಇಪ್ಪತ್ತು ಹೆಜ್ಜೆಯಿಂದ ಬಾಣ ಬಿಡಿಸಿದೆ. ಒಂದೂ ನಾಟಲಿಲ್ಲ. ದಂಡನಾಯಕರು ಒಪ್ಪಿದ್ದಾರೆ. ಇಂಥವು ಸಾವಿರ ಬೇಕಂತೆ."

"ಯಾರಿಗೆ ತೊಡಿಸಿ ನೋಡಿದೆ?"

"ಆಲದ ಮರಕ್ಕೆ ಕಟ್ಟಿದ್ದೆ."

ಗುರುಗಳು ಹಣೆ ಚಚ್ಚಿಕೊಂಡರು. "ಮೊದಲ ಸಲವೂ ಮರ. ಎರಡನೆಯ ಸಲವೂ ಮರ. ಮರ ಯುದ್ಧಕ್ಕೆ ಹೋಗುತ್ತದೇನಯ್ಯ?"

ಸಿಂಗೋಜ ನಕ್ಕು, ಕೇತನಿಗೆ ಕವಚ ತೊಡಿಸಿದ. ಬೆನ್ನ ಹಿಂದೆ ತೊಗಲಿನ ಪಟ್ಟಿಗಳಿಗೆ ಏಳು ಕೊಂಡಿ. ಬಿಗಿಯಲು ಇನ್ನೊಬ್ಬರ ಕೈ ಬೇಕೇ ಬೇಕು.

"ಹೊಳೆ ದಾಟಿ ಬಾರಪ್ಪ, ಸೊಂಟದುದ್ದ ನೀರು" ಎಂದರು ಗುರುಗಳು.

ನಡುಹೊಳೆಯಲ್ಲಿ ಪಾಚಿಗಲ್ಲಿನ ಮೇಲೆ ಕೇತನ ಕಾಲು ಜಾರಿತು. ಬಿದ್ದವನು ಕವಚದ ಭಾರಕ್ಕೆ ಏಳಲಾರದೆ ಹೋದ. ಕೈ ಬೆನ್ನ ಕಡೆ ತಡಕಾಡಿತು. ಕೊಂಡಿ ಸಿಗಲಿಲ್ಲ.

ಸಿಂಗೋಜ ನೀರಿಗೆ ಹಾರಿದ. ತಾನೇ ಮಾಡಿದ ಕೊಂಡಿಗಳು. ಒದ್ದೆ ಬೆರಳಿನಲ್ಲಿ ಒಂದನ್ನೂ ಬಿಚ್ಚಲಾಗಲಿಲ್ಲ.

"ಗುರುಗಳೇ!" ಎಂದು ಕಿರುಚಿದ.

ಗುರುಗಳು ಬಂದು ಚೂರಿಯಿಂದ ತೊಗಲಿನ ಪಟ್ಟಿಗಳನ್ನು ಕೊಯ್ದರು. ಕವಚ ತಳ ಸೇರಿತು. ಇಬ್ಬರೂ ಸೇರಿ ಕೇತನನ್ನು ದಡಕ್ಕೆ ಎಳೆದರು. ಅವನು ಕೆಮ್ಮಿ ಕೆಮ್ಮಿ ನೀರು ಕಾರಿದ.

ಸಿಂಗೋಜ ಮುಖದ ನೀರು ಒರೆಸಿಕೊಂಡ. ಆಮೇಲೆ ಹೇಳಿದ: "ಇವನಿಗೆ ಅಭ್ಯಾಸ ಸಾಲದು. ಬಿಚ್ಚುವ ಕ್ರಮವನ್ನು ಓಲೆಯಲ್ಲಿ ಬರೆದು ಪ್ರತಿ ಕವಚದ ಜೊತೆ ಕೊಟ್ಟುಬಿಡುತ್ತೇನೆ."

"ಓಲೆ!" ಗುರುಗಳ ದನಿ ಏರಿತು. "ಮುಳುಗುವವನು ನೀರೊಳಗೆ ಓದಲಿ ಅಂತಲೇ? ಅವನನ್ನು ಕೇಳು, ಮಹರಾಯ. ಒಂದು ಸಲವಾದರೂ ಅವನನ್ನು ಕೇಳು!"

ಸಿಂಗೋಜ ಕೇತನ ಕಡೆ ತಿರುಗಿದ. ಏನು ಕೇಳಬೇಕೆಂದೇ ತಿಳಿಯಲಿಲ್ಲ. ಕೊನೆಗೆ, "ಕೊಂಡಿ ಎಲ್ಲಿರಬೇಕಿತ್ತು?" ಎಂದ.

ಕೇತ ಎಡಗೈಯಿಂದ ಎದೆಯ ಬಲಗಡೆ ಮುಟ್ಟಿ ತೋರಿಸಿದ. "ಇಲ್ಲಿ, ಸ್ವಾಮಿ. ಒಂದೇ ಸಾಕು. ಬಲಗೈಲಿ ಕತ್ತಿ ಇರ್ತದಲ್ಲ. ಮೊದಲ್ನೇ ಕವಚ ಮರಕ್ಕೆ ಕಟ್ಟಿದ್ದು ನೋಡಿದಾಗಲೇ ಹೇಳೋಣ ಅಂತಿದ್ದೆ. ಯಾರೂ ಕೇಳಲಿಲ್ಲ."

ಸಿಂಗೋಜ ತಲೆ ತಗ್ಗಿಸಿದ.

"ಮತ್ತೆ ಮಾಡುತ್ತೇನೆ, ಗುರುಗಳೇ. ಆದರೆ ದಂಡನಾಯಕರು ತಡ ಸಹಿಸುವುದಿಲ್ಲ. ಬಾಣ ತಡೆದರೆ ಸಾಕು, ಹಳೆಯ ಹಾಗೆಯೇ ಸಾವಿರ ಮಾಡು ಅನ್ನುತ್ತಾರೆ. ಅವರಿಗೆ ಏನು ಹೇಳಲಿ?"

ಗುರುಗಳು ಒದ್ದೆ ಪಂಚೆ ಹಿಂಡುತ್ತಾ ಹೇಳಿದರು: "ಏನೂ ಹೇಳಬೇಡ. ಆ ಸಾವಿರದಲ್ಲಿ ಮೊದಲನೆಯದನ್ನು ಅವರಿಗೇ ತೊಡಿಸು. ಹೊಳೆಗೆ ನಾನೇ ಕರೆದುಕೊಂಡು ಹೋಗುತ್ತೇನೆ."