ಕಿವಿ ಕತ್ತರಿಸಿದ ಕಾರು

"ಅಜ್ಜಯ್ಯ, ನಾನು ಏನನ್ನೂ ಹೇಳದೆ ಇದ್ದರೆ ನನ್ನ ಹೆಂಡತಿಯ ಭಯ ಕಡಿಮೆಯಾಗಬೇಕಲ್ಲ? ಯಾಕೆ ಹೆಚ್ಚಾಯಿತು?"

ಕೇಳಿದವನು ತಿಪ್ಪೇಶ, ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ಕೇಳಿಸಿಕೊಂಡವರು ಕುಮಾರಯ್ಯನವರು. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿ, ಆಮೇಲೆ ಊರಾಚೆಯ ಸಣ್ಣ ಮಠದಲ್ಲಿ ಬಂದು ಕೂತವರು. ಎಲ್ಲರೂ ಅವರನ್ನು ಅಜ್ಜಯ್ಯ ಎನ್ನುತ್ತಿದ್ದರು. ಬೆಳಿಗ್ಗೆ ಹತ್ತಾರು ಜನ ಬಂದು ಅವರ ಮಾತು ಕೇಳಿ ಹೋಗುತ್ತಿದ್ದರು, ಬೈಸಿಕೊಂಡೂ ಹೋಗುತ್ತಿದ್ದರು.

"ಬಾಲ ಹಿಡಿದು ಕೇಳಬೇಡ. ತಲೆಯಿಂದ ಹೇಳು," ಎಂದರು ಅಜ್ಜಯ್ಯ.

ತಿಪ್ಪೇಶ ಹೇಳಿದ. ಹೋದ ಮಳೆಗಾಲದಲ್ಲಿ ಕಂಬದ ಮೇಲೆ ಅವನಿಗೆ ಕರೆಂಟು ಹೊಡೆದಿತ್ತು. ಸೊಂಟಕ್ಕೆ ಬೆಲ್ಟು ಇದ್ದದ್ದರಿಂದ ಬೀಳಲಿಲ್ಲ. ಮನೆಗೆ ಬಂದು ಹೆಂಡತಿ ಸರ್ವಮಂಗಳೆಗೆ ಹೇಳಿದ. ಅವಳು ಅತ್ತಳು. ಅಂದಿನಿಂದ ದಿನಾ ಸಂಜೆ ಕೇಳತೊಡಗಿದಳು. ಇವತ್ತು ಎಲ್ಲಿ ಹತ್ತಿದಿರಿ, ಲೈನ್ ಆಫ್ ಮಾಡಿಸಿದ್ದಿರಾ, ಗ್ಲೌಸು ಹಾಕಿದ್ದಿರಾ. ಅವನಿಗೆ ರೇಜಿಗೆ ಹಿಡಿಯಿತು. ಕೆಲಸದ ಮಾತನ್ನು ಮನೆಗೆ ತರುವುದನ್ನೇ ಬಿಟ್ಟ. ಹೀಗೆ ಎಂಟು ತಿಂಗಳು. ಹೋದ ವಾರ ಅವಳು ಅವನಿಗೆ ತಿಳಿಸದೆ ಕಚೇರಿಗೆ ಹೋಗಿ, ಗಂಡನನ್ನು ಕಂಬದ ಕೆಲಸದಿಂದ ಬಿಡಿಸಿ ಎಂದು ಸಾಹೇಬರಿಗೆ ಕೈಮುಗಿದಳು. ಸಾಹೇಬರು ಒಪ್ಪಿಬಿಟ್ಟರು. ಸೋಮವಾರದಿಂದ ಅವನು ಸ್ಟೋರಿನಲ್ಲಿ ಕೂತು ತಂತಿ ಸುರುಳಿ ಕಾಯಬೇಕು.

"ಹನ್ನೆರಡು ವರ್ಷದ ಕೆಲಸ ಅಜ್ಜಯ್ಯ. ನಾನು ಫ್ಯೂಸ್ ಹಾಕಿದ ಕೂಡಲೇ ಕೆಳಗೆ ಓಣಿಯಲ್ಲೆಲ್ಲ ಹೋ ಅಂತಾರಲ್ಲ, ಆ ಸದ್ದು ಕೇಳಲಿಕ್ಕೆ ಹತ್ತುವವನು ನಾನು. ಒಂದೇ ದಿನದಲ್ಲಿ ನನ್ನನ್ನು ಇಳಿಸಿಬಿಟ್ಟಳು. ರಜೆ ಹಾಕಿ ಗೆಳೆಯನ ರೂಮಿನಲ್ಲಿದ್ದೇನೆ. ನಾಲ್ಕು ದಿನವಾಯಿತು, ಫೋನೂ ಆಫ್ ಮಾಡಿದ್ದೇನೆ. ಇನ್ನು ಆ ಮನೆಗೆ ಹೋಗುವುದಿಲ್ಲ."

"ಹೋಗಬೇಡ ಬಿಡು. ಇಲ್ಲಿ ಕಸ ಗುಡಿಸುವುದಕ್ಕೂ ಒಬ್ಬರು ಬೇಕು. ಪೊರಕೆ ಹಿಡಿಯುವ ಮುಂಚೆ ಒಂದು ಕತೆ ಕೇಳು," ಎಂದರು ಅಜ್ಜಯ್ಯ.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು ಇತ್ತು. ಟರ್ಬೊ ಕಾರು. ಟರ್ಬೊ ಅಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ಒಂದು ಫ್ಯಾನು ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದು. ಗಾಳಿ ಹೆಚ್ಚಾದರೆ ಶಕ್ತಿ ಹೆಚ್ಚು. ಎಡವಟ್ಟೂ ಹೆಚ್ಚು.

ವರ್ಷಕ್ಕೊಮ್ಮೆ ಬೆಟ್ಟದ ರಸ್ತೆಯಲ್ಲಿ ಕಾರುಗಳ ಓಟ ನಡೆಯುತ್ತಿತ್ತು. ವ್ಯಾಪಾರಿಗೆ ಅದೇ ಹಬ್ಬ. ಆದರೆ ಅವನ ಕಾರು ಮೂರನೆಯ ತಿರುವಿಗೆ ಬಂದರೆ ಸಾಕು, ಹಿಂದೆಮುಂದೆ ನೋಡುತ್ತಿತ್ತು. ಎಕ್ಸಲರೇಟರ್ ಎಷ್ಟು ಒತ್ತಿದರೂ ಮುಂದೆ ನುಗ್ಗುತ್ತಿರಲಿಲ್ಲ. ಜನ ನಗುತ್ತಿದ್ದರು. ಅವನು ಕಾರನ್ನು ಒಬ್ಬ ಮೇಸ್ತ್ರಿಯ ಹತ್ತಿರ ತಂದ. ಮೇಸ್ತ್ರಿ ಯಾರು ಅಂತ ತಲೆ ಕೆಡಿಸಿಕೊಳ್ಳಬೇಡ, ನಾನೇ.

ನಾನು ನೋಡಿ ಹೇಳಿದೆ. "ಸಾಹುಕಾರರೇ, ಎಂಜಿನ್ನಿನಲ್ಲಿ ಕಿಡಿ ಹಾರುವುದಕ್ಕೆ ಒಂದು ಗಳಿಗೆ ಇದೆ. ಕಿಡಿ ಬೇಗ ಹಾರಿದಷ್ಟೂ ಕಾರಿಗೆ ಜೋರು. ತೀರಾ ಬೇಗ ಹಾರಿದರೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತದೆ. ಒಳಗೆ ಟಕಟಕ ಅಂತ ಪೆಟ್ಟು ಬೀಳುತ್ತದೆ. ಪಿಸ್ಟನ್ನಿಗೆ ತೂತು ಬೀಳುವುದು ಆಗಲೇ. ಅದಕ್ಕೆ ಎಂಜಿನ್ನಿನ ಮೈಮೇಲೆ ಒಂದು ಕಿವಿ ಕೂರಿಸಿದ್ದಾರೆ, ನಾಕ್ ಸೆನ್ಸರ್ ಅಂತ. ಪೆಟ್ಟು ಬಿದ್ದದ್ದನ್ನು ಅದು ಕೇಳಿಸಿಕೊಂಡು ಸೀಟಿನ ಕೆಳಗಿನ ಕಂಪ್ಯೂಟರ್ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಕಿಡಿಯನ್ನು ಕೊಂಚ ತಡ ಮಾಡುತ್ತದೆ. ಆಗ ಜೋರು ಇಳಿಯುತ್ತದೆ, ಆದರೆ ಎಂಜಿನ್ನು ಉಳಿಯುತ್ತದೆ."

ವ್ಯಾಪಾರಿ ಹಾರಾಡಿದ. "ಅಂದರೆ ನನ್ನ ಕಾರಿನಲ್ಲೇ ಕೂತು ನನ್ನ ಮೇಲೆ ಚಾಡಿ ಹೇಳುತ್ತಿದೆ! ಆ ಕಿವಿಯ ತಂತಿ ಕತ್ತರಿಸು. ಕೇಳಿಸದಿದ್ದರೆ ಹೆದರುವ ಪ್ರಶ್ನೆಯೇ ಇಲ್ಲ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನನಗೂ ಆಗ ಮೂವತ್ತು ತುಂಬಿರಲಿಲ್ಲ, ಅವನು ಹೇಳಿದ್ದು ಸರಿ ಅಂತಲೇ ಅನ್ನಿಸಿತು. ಇಕ್ಕಳ ತೆಗೆದುಕೊಂಡೆ, ಕಚಕ್ ಅನ್ನಿಸಿದೆ.

ಕಾರು ಹಾರುತ್ತದೆ ಅಂತ ಇಬ್ಬರೂ ಕೂತು ಬೆಟ್ಟದ ದಾರಿ ಹಿಡಿದೆವು. ಹಾರುವುದಿರಲಿ, ಮೊದಲನೆಯ ತಿರುವಿಗೇ ಏದುಸಿರು ಬಿಟ್ಟಿತು. ಪಕ್ಕದಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬ ಮೊಪೆಡ್‌ನವನು ನಮ್ಮನ್ನು ದಾಟಿ ಹೋದ, ಹೋಗುವಾಗ ಹಾರ್ನು ಬೇರೆ ಹೊಡೆದ. ವ್ಯಾಪಾರಿಯ ಮುಖ ನೋಡಲಿಕ್ಕೆ ಆಗಲಿಲ್ಲ. ಪಾಪ, ಆ ಕಾರು ಅಂದರೆ ಅವನಿಗೆ ಪ್ರಾಣ. ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಅತ್ತ. ನನಗೆ ನಾಚಿಕೆಯಾಯಿತು.

ಕಾರಿನ ಜೊತೆ ಒಂದು ದಪ್ಪ ಪುಸ್ತಕ ಬಂದಿತ್ತು. ನನಗೆ ಆ ಭಾಷೆ ಬರುತ್ತಿರಲಿಲ್ಲ. ಒಬ್ಬ ಹೈಸ್ಕೂಲ್ ಮೇಷ್ಟರನ್ನು ಮೂರು ದಿನ ಗ್ಯಾರೇಜಿನಲ್ಲಿ ಕೂರಿಸಿಕೊಂಡು ಓದಿಸಿದೆ. ಮೂರನೆಯ ದಿನ ಒಂದು ಸಾಲು ಸಿಕ್ಕಿತು. ಕಿವಿಯಿಂದ ಸದ್ದೇ ಬರದಿದ್ದರೆ, ಪೆಟ್ಟಿಗೆ ಕಿಡಿಯನ್ನು ಸಾಧ್ಯವಾದಷ್ಟು ತಡ ಮಾಡುತ್ತದೆ.

ಅಯ್ಯೋ ಮಂಕೇ, ಅಂದುಕೊಂಡೆ. ಪೆಟ್ಟಿಗೆ ಮಾಡಿದವನು ದಡ್ಡನಲ್ಲ. ಓಡುವ ಎಂಜಿನ್ನು ಅಂದಮೇಲೆ ಏನಾದರೊಂದು ಸದ್ದು ಇದ್ದೇ ಇರುತ್ತದೆ. ಏನೇನೂ ಕೇಳಿಸುತ್ತಿಲ್ಲ ಅಂದರೆ ಒಳಗೆ ಎಲ್ಲ ಸರಿಯಿದೆ ಅಂತ ಅರ್ಥವಲ್ಲ. ಒಳಗೆ ಏನಾಗುತ್ತಿದೆಯೋ ತಿಳಿಯುತ್ತಿಲ್ಲ ಅಂತ. ಕೇಳಿಸುತ್ತಿದ್ದಾಗ ಅದು ಪೆಟ್ಟು ಬಿದ್ದ ಕಡೆ ಮಾತ್ರ ಹಿಂದೆ ಸರಿಯುತ್ತಿತ್ತು. ಕೇಳಿಸದೆ ಹೋದ ಮೇಲೆ ಇಡೀ ದಾರಿ ಹೆದರಿಕೊಂಡೇ ಹತ್ತಿತು.

ತಂತಿ ಮತ್ತೆ ಬೆಸೆದೆ. ಅಷ್ಟಕ್ಕೇ ಬಿಡಲಿಲ್ಲ. ಆ ಕಿವಿ ಮೊದಲು ದೂರುತ್ತಿದ್ದದ್ದಾದರೂ ಏನು ಅಂತ ಎಂಜಿನ್ನಿನ ಮೇಲಿನ ಹೆಡ್ ಬಿಚ್ಚಿ ನೋಡಿದೆ. ಪಿಸ್ಟನ್ನಿನ ಮೇಲೆ ದಪ್ಪಗೆ ಮಸಿ ಕಟ್ಟಿತ್ತು. ಹಾಕುತ್ತಿದ್ದ ಪೆಟ್ರೋಲೂ ಕಳಪೆ, ಪೆಟ್ಟು ಬೀಳುತ್ತಿದ್ದದ್ದು ಅದಕ್ಕೇ. ಮಸಿ ಕೆರೆದೆ, ಒಳ್ಳೆಯ ಪೆಟ್ರೋಲು ಹಾಕಿಸಿದೆ. ಆ ವರ್ಷ ಕಾರು ಬೆಟ್ಟ ಹತ್ತಿದ್ದನ್ನು ನೋಡಬೇಕಿತ್ತು! ಒಂದೆರಡು ಕಡೆ ಟಕ್ ಅಂದಿತು, ಕೊಂಚ ಹಿಂಜರಿಯಿತು, ಮತ್ತೆ ನುಗ್ಗಿತು. ಮೊದಲ ಬಹುಮಾನವೇನೂ ಬರಲಿಲ್ಲ, ನಾಲ್ಕನೆಯವನಾಗಿ ಬಂದ. ಆದರೂ ವ್ಯಾಪಾರಿ ನನ್ನನ್ನು ಅಪ್ಪಿಕೊಂಡು ಕುಣಿದ.

ಅಜ್ಜಯ್ಯ ಕತೆ ನಿಲ್ಲಿಸಿ ನೀರು ಕುಡಿದರು.

ತಿಪ್ಪೇಶ ನೆಲ ನೋಡುತ್ತ ಕೂತಿದ್ದ. "ಹೇಳಿದರೆ ಅಳುತ್ತಾಳೆ ಅಜ್ಜಯ್ಯ," ಎಂದ. "ಅವಳು ಅತ್ತರೆ ನನಗೆ ತಡೆಯಲಿಕ್ಕಾಗುವುದಿಲ್ಲ. ಅದಕ್ಕೇ ಬಾಯಿ ಮುಚ್ಚಿಕೊಂಡೆ. ಅವಳ ಒಳ್ಳೆಯದಕ್ಕೇ ಮುಚ್ಚಿಕೊಂಡೆ."

ಅಜ್ಜಯ್ಯನವರ ದನಿ ಮೆತ್ತಗಾಯಿತು. ಅವನ ಹೆಗಲ ಮೇಲೆ ಕೈ ಇಟ್ಟರು.

"ನಾಲ್ಕು ದಿನದಿಂದ ನೀನು ಬದುಕಿದ್ದೀಯ ಅಂತ ನಿನಗೆ ಗೊತ್ತು ಮಾರಾಯ, ಅವಳಿಗೆ ಯಾರು ಹೇಳಿದ್ದಾರೆ?"

ತಿಪ್ಪೇಶ ಜೇಬಿಗೆ ಕೈ ಹಾಕಿದ. ಫೋನು ತೆಗೆದು ಆನ್ ಮಾಡಿದ.